ಆರ್ಗಾನಿಕ್ ಕೆಮಿಸ್ಟ್ರಿ ಪ್ರೊಫೆಸರ್ ವಿದ್ಯಾರ್ಥಿಗಳಿಗೆ ಇಷ್ಟವಾಗುವುದು ಯಾವಾಗ?

2022ರಲ್ಲಿ ನ್ಯೂಯಾರ್ಕ್ ಯೂನಿವರ್ಸಿಟಿಯ ಆರ್ಗಾನಿಕ್ ಕೆಮಿಸ್ಟ್ರಿ (ಕಾರ್ಬನ್ ಸಂಯುಕ್ತಗಳ ರಸಾಯನಶಾಸ್ತ್ರ) ಕ್ಲಾಸಿನಲ್ಲಿ ಸುಮಾರು 350 ವಿದ್ಯಾರ್ಥಿಗಳಿದ್ದರು. ಅವರಲ್ಲಿ 82 ಮಂದಿ ತಮ್ಮ ಪ್ರೊಫೆಸರ್ ಬಗ್ಗೆ ದೂರಿ ಮನವಿಗೆ ಸಹಿ ಹಾಕಿದರು. ಪ್ರೊಫೆಸರ್ ಹೆಸರು ಮೇಟ್ಲಂಡ್ ಜೋನ್ಸ್. ವಯಸ್ಸು 84. ಪ್ರಿನ್ಸ್‌ಟನ್‌ನಲ್ಲಿ ದಶಕಗಳ ಕಾಲ ಪಾಠ ಮಾಡಿ, 2007ರಿಂದ ನ್ಯೂಯಾರ್ಕ್‌ನಲ್ಲಿ ಕಲಿಸುತ್ತಿದ್ದವರು. ಇದೇ ವಿಷಯಕ್ಕೆ ಅವರು ಬರೆದ ದಪ್ಪನೆಯ ಪಠ್ಯಪುಸ್ತಕ ಐದನೇ ಆವೃತ್ತಿಯವರೆಗೆ ಬಂದಿತ್ತು. ಬಾಯಿಪಾಠ ಬಿಡಿಸಿ, ಸಣ್ಣ ಗುಂಪುಗಳಲ್ಲಿ ಕೂತು ಪ್ರಾಬ್ಲಂ ಬಿಡಿಸುವುದನ್ನು ಪ್ರಿನ್ಸ್‌ಟನ್‌ನಲ್ಲಿ ರೂಢಿಗೆ ತಂದವರು ಅವರು. ಆ ವರ್ಷದ ಹೊಸ ಸೆಮಿಸ್ಟರ್‌ಗೆ ಸ್ವಲ್ಪ ಮುಂಚೆ ಯೂನಿವರ್ಸಿಟಿ ಅವರ ಗುತ್ತಿಗೆಯನ್ನು ಕೊನೆಗೊಳಿಸಿತು. ಅವರನ್ನು ತೆಗೆಯಿರಿ ಎಂದು ಮನವಿಯಲ್ಲಿ ಯಾರೂ ಕೇಳಿರಲಿಲ್ಲ.

ಸುದ್ದಿ ಹೊರಬಂದ ಮೇಲೆ ಜಗತ್ತಿನಾದ್ಯಂತ ಮೇಷ್ಟ್ರುಗಳು ಎರಡು ಗುಂಪಾದರು. ಈಗಿನ ಮಕ್ಕಳಿಗೆ ಕಷ್ಟಪಡುವುದು ಬೇಡ ಎಂದರು ಕೆಲವರು. ಕಾಲಕ್ಕೆ ತಕ್ಕ ಹಾಗೆ ಪ್ರೊಫೆಸರ್ ಬದಲಾಗಬೇಕಿತ್ತು ಎಂದರು ಇನ್ನು ಕೆಲವರು. ಆ ಜಗಳದಲ್ಲಿ ಯಾರು ಸರಿ ಎನ್ನುವುದಕ್ಕಿಂತ ನನಗೆ ಮುಖ್ಯ ಅನಿಸುವುದು ಮನವಿಯ ತಿರುಳು. ನಾವು ಹಾಕಿದ ಸಮಯಕ್ಕೂ ಶ್ರಮಕ್ಕೂ ತಕ್ಕ ಅಂಕ ಬರುತ್ತಿಲ್ಲ ಎಂದು ಅವರು ಬರೆದಿದ್ದರು. ಆರ್ಗಾನಿಕ್ ಕಲಿಸುವವರು ಇಷ್ಟವಾಗುವುದಕ್ಕೂ ಆಗದಿರುವುದಕ್ಕೂ ಕಾರಣ ಬಹುಪಾಲು ಈ ಒಂದು ಮಾತಿನಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಓದಿದ್ದಕ್ಕೂ ಬಂದ ಅಂಕಕ್ಕೂ ಸಂಬಂಧ ಕಾಣಿಸಿದರೆ ಎಷ್ಟೇ ಕಷ್ಟದ ಕ್ಲಾಸ್ ಆದರೂ ವಿದ್ಯಾರ್ಥಿಗಳು ಪ್ರೀತಿಯಿಂದ ಬರುತ್ತಾರೆ. ಕಾಣಿಸದಿದ್ದರೆ ಎಷ್ಟೇ ದೊಡ್ಡ ವಿದ್ವಾಂಸರಾದರೂ ದೂರವಾಗುತ್ತಾರೆ.

ಈ ವಿಷಯದಲ್ಲಿ ಆ ಸಂಬಂಧ ಯಾಕೆ ಇಷ್ಟು ಸುಲಭವಾಗಿ ಕಡಿದುಹೋಗುತ್ತದೆ? ಅದನ್ನು ಮೊದಲು ನೋಡೋಣ.

ಅಮೆರಿಕದಲ್ಲಿ ಡಾಕ್ಟರ್ ಆಗಬೇಕೆಂದುಕೊಂಡವರಿಗೆ ಈ ಕೋರ್ಸ್ ಬಹುಮಟ್ಟಿಗೆ ತಪ್ಪಿಸಿಕೊಳ್ಳಲಾಗದ ಬಾಗಿಲು. ಸಾಮಾನ್ಯವಾಗಿ ಕಾಲೇಜಿನ ಎರಡನೇ ವರ್ಷದಲ್ಲಿ ಬರುತ್ತದೆ. ಇಲ್ಲಿ ಬಂದ ಗ್ರೇಡ್ ಮೆಡಿಕಲ್ ಕಾಲೇಜಿನವರ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಕ್ಲಾಸಿಗೆ ಕಾಲಿಡುವಾಗಲೇ ಭಯ ಜೊತೆಗೆ ಬಂದಿರುತ್ತದೆ. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲೂ ಮೆಡಿಸಿನ್ ಕನಸಿರುವ ಮಕ್ಕಳು ಈ ಬಾಗಿಲನ್ನೇ ದಾಟಬೇಕು. ನಮ್ಮ ಕರ್ನಾಟಕದಲ್ಲಿ ಇದೇ ಭಯ ಇನ್ನೂ ಬೇಗ, ಪಿಯುಸಿಯಲ್ಲೇ, ಶುರುವಾಗುತ್ತದೆ. ವುರ್ಟ್ಜ್, ಆಲ್ಡಾಲ್, ಕ್ಯಾನಿಜಾರೊ, ಸ್ಯಾಂಡ್‌ಮೇಯರ್, ರೈಮರ್-ಟೀಮನ್ ಅಂತ ನೇಮ್ ರಿಯಾಕ್ಷನ್‌ಗಳ ಸಾಲೇ ಎದುರಿಗೆ ನಿಲ್ಲುತ್ತದೆ. ಪರೀಕ್ಷೆಗೆ ಇಷ್ಟು ಬಂದರೆ ಸಾಕು ಅಂತ ಬರೆದು ಬರೆದು ಕಲಿಯುತ್ತಾರೆ. ಬೋರ್ಡ್ ಪರೀಕ್ಷೆಗೆ ಅದು ಬಹುಮಟ್ಟಿಗೆ ಸಾಕಾಗುತ್ತದೆ ಕೂಡ. ಡಿಗ್ರಿಗೆ ಬಂದಾಗ, ಎಂಟ್ರೆನ್ಸ್ ಪರೀಕ್ಷೆಗೆ ಕೂತಾಗ, ಸಾಕಾಗುವುದಿಲ್ಲ.

ಯಾಕೆಂದರೆ ಒಳ್ಳೆಯ ಆರ್ಗಾನಿಕ್ ಪ್ರಶ್ನೆಪತ್ರಿಕೆ ನೀವು ಹಿಂದೆಂದೂ ನೋಡದ ಅಣುವನ್ನು ಮುಂದಿಟ್ಟು, ಇದಕ್ಕೆ ಏನಾಗುತ್ತದೆ ಎಂದು ಕೇಳುತ್ತದೆ. ಕಾರ್ಬನ್ನಿನ ಸಂಯುಕ್ತಗಳು ಕೋಟಿಗಟ್ಟಲೆ ಇವೆ. ಒಂದೊಂದನ್ನೂ ನೆನಪಿಟ್ಟುಕೊಳ್ಳಲು ಆಗದು. ಅವೆಲ್ಲದರ ಹಿಂದೆ ಇರುವ ಕಾರಣಗಳು ಮಾತ್ರ ಕೆಲವೇ ಕೆಲವು. ಎಲೆಕ್ಟ್ರಾನ್ ಯಾರ ಹತ್ತಿರ ಜಾಸ್ತಿ ಇದೆ, ಯಾರಿಗೆ ಕೊರತೆ, ಯಾವ ಬಾಂಡ್ (ಪರಮಾಣುಗಳ ನಡುವಿನ ಕೊಂಡಿ) ಸಡಿಲ, ಬಿಟ್ಟುಹೋಗಲು ಯಾರು ತಯಾರಿದ್ದಾರೆ. ರಾತ್ರಿಯೆಲ್ಲಾ ಎದ್ದು ಇನ್ನೂರು ರಿಯಾಕ್ಷನ್ ಉರು ಹೊಡೆದವರಿಗೆ ಹೊಸ ಅಣು ಕಂಡಾಗ ಕೈ ಓಡುವುದಿಲ್ಲ. ಈ ಕಾರಣಗಳನ್ನು ಇಪ್ಪತ್ತು ಪ್ರಾಬ್ಲಂಗಳಲ್ಲಿ ಬಳಸಿ ನೋಡಿದವರಿಗೆ ಓಡುತ್ತದೆ. ಮೊದಲಿನವರು ಸೋಮಾರಿಗಳಲ್ಲ. ಬಹಳ ದುಡಿದಿದ್ದಾರೆ. ಆ ದುಡಿಮೆ ಎಲ್ಲಿ ಹಾಕಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ. ಇದನ್ನು ಮೊದಲ ವಾರದಲ್ಲೇ ಹೇಳಿ, ಮಾಡಿಯೂ ತೋರಿಸುವ ಪ್ರೊಫೆಸರ್ ಅರ್ಧ ಗೆದ್ದ ಹಾಗೆ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಪಿಯುಸಿ ಸೈನ್ಸ್ ಓದಿದವರಿಗೆಲ್ಲ ಇದು ಪರಿಚಿತ.

ಪ್ರೊಪೀನ್‌ನಲ್ಲಿ ಮೂರು ಕಾರ್ಬನ್ ಸಾಲಾಗಿ ಇವೆ. ಒಂದು ತುದಿಯ ಕಾರ್ಬನ್ನಿಗೂ ನಡುವಿನ ಕಾರ್ಬನ್ನಿಗೂ ಮಧ್ಯೆ ಡಬಲ್ ಬಾಂಡ್. ಇದಕ್ಕೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದರೆ ಬ್ರೋಮಿನ್ ನಡುವಿನ ಕಾರ್ಬನ್ನಿಗೆ ಹೋಗಿ ಕೂರುತ್ತದೆ. ಇದು ಮಾರ್ಕೊವ್ನಿಕಾಫ್ ನಿಯಮ. ರಷ್ಯಾದ ವ್ಲಾದಿಮಿರ್ ಮಾರ್ಕೊವ್ನಿಕಾಫ್ 1870ರ ಹೊತ್ತಿಗೆ ಹೇಳಿದ್ದು. ಆದರೆ ಪೆರಾಕ್ಸೈಡ್ (ಎರಡು ಆಕ್ಸಿಜನ್ ಒಂದಕ್ಕೊಂದು ಅಂಟಿಕೊಂಡಿರುವ ಸಂಯುಕ್ತ) ಇದ್ದರೆ ಎಲ್ಲಾ ಉಲ್ಟಾ, ಬ್ರೋಮಿನ್ ತುದಿಗೆ ಹೋಗುತ್ತದೆ. ಇದು ಖರಾಶ್ ಎಫೆಕ್ಟ್. 1933ರಲ್ಲಿ ಶಿಕಾಗೋ ಯೂನಿವರ್ಸಿಟಿಯಲ್ಲಿ ಮಾರಿಸ್ ಖರಾಶ್ ಮತ್ತು ಫ್ರಾಂಕ್ ಮೇಯೊ ಇದನ್ನು ಬಿಡಿಸಿದರು. ಅದಕ್ಕೂ ಮುಂಚೆ ಇಂಥ ಪ್ರಯೋಗಗಳಲ್ಲಿ ಒಬ್ಬರಿಗೆ ಒಂದು ಫಲಿತಾಂಶ, ಇನ್ನೊಬ್ಬರಿಗೆ ಇನ್ನೊಂದು ಬರುತ್ತಿತ್ತು. ಗಾಳಿ ತಾಗಿದ ಹಳೆಯ ಸ್ಯಾಂಪಲ್‌ಗಳಲ್ಲಿ ತಾನಾಗಿಯೇ ಹುಟ್ಟಿಕೊಂಡ ಪೆರಾಕ್ಸೈಡ್ ಈ ಗೊಂದಲಕ್ಕೆ ಕಾರಣವಾಗಿತ್ತು.

ಸಾಮಾನ್ಯವಾಗಿ ಕ್ಲಾಸಿನಲ್ಲಿ ಇವು ಎರಡು ಬೇರೆ ನಿಯಮಗಳಾಗಿ ಬರುತ್ತವೆ. ಒಂದು ನಿಯಮ, ಒಂದು ಅದರ ವಿರುದ್ಧ. ವಿದ್ಯಾರ್ಥಿ ಎರಡನ್ನೂ ನೋಟ್ಸಿನಲ್ಲಿ ಬಾಕ್ಸ್ ಹಾಕಿಕೊಂಡು ಕಲಿಯುತ್ತಾನೆ. ಒಳ್ಳೆಯ ಮೇಷ್ಟ್ರು ಇಲ್ಲಿ ನಿಂತು ಒಂದೇ ಪ್ರಶ್ನೆ ಕೇಳುತ್ತಾರೆ: ಮೊದಲು ಬರುವುದು ಯಾರು?

ಪೆರಾಕ್ಸೈಡ್ ಇಲ್ಲದಾಗ ಮೊದಲು ಬರುವುದು ಹೈಡ್ರೋಜನ್, ಪ್ರೋಟಾನ್ ರೂಪದಲ್ಲಿ. ಡಬಲ್ ಬಾಂಡಿನ ಎಲೆಕ್ಟ್ರಾನ್‌ಗಳು ಅದನ್ನು ಹಿಡಿದುಕೊಳ್ಳುತ್ತವೆ. ಅದು ತುದಿಯ ಕಾರ್ಬನ್ನಿಗೆ ಅಂಟಿದರೆ ಪಾಸಿಟಿವ್ ಚಾರ್ಜ್ ನಡುವಿನ ಕಾರ್ಬನ್ನಿನ ಮೇಲೆ ಉಳಿಯುತ್ತದೆ. ಆ ಕಾರ್ಬನ್ನಿಗೆ ಎರಡೂ ಕಡೆ ಕಾರ್ಬನ್ ನೆಂಟರಿದ್ದಾರೆ. ಅವರು ಸ್ವಲ್ಪ ಎಲೆಕ್ಟ್ರಾನ್ ನೆರವು ಕೊಡುತ್ತಾರೆ, ಚಾರ್ಜಿನ ಕಷ್ಟ ಕಡಿಮೆಯಾಗುತ್ತದೆ. ಹೈಡ್ರೋಜನ್ ನಡುವಿಗೆ ಅಂಟಿದ್ದರೆ ಚಾರ್ಜ್ ತುದಿಗೆ ಬೀಳುತ್ತಿತ್ತು. ಅಲ್ಲಿ ನೆರವಿಗೆ ಒಬ್ಬರೇ. ಹಾಗಾಗಿ ಹೈಡ್ರೋಜನ್ ತುದಿಗೆ ಹೋಗುತ್ತದೆ, ಆಮೇಲೆ ಬರುವ ಬ್ರೋಮೈಡ್ ಚಾರ್ಜ್ ಇರುವ ನಡುವಿಗೆ ಸೇರುತ್ತದೆ.

ಪೆರಾಕ್ಸೈಡ್ ಇದ್ದಾಗ ಮೊದಲು ಬರುವುದು ಬ್ರೋಮಿನ್, ಒಂಟಿ ಎಲೆಕ್ಟ್ರಾನ್ ಇರುವ ರ‍್ಯಾಡಿಕಲ್ ಆಗಿ. ಅದೂ ತುದಿಗೇ ಹೋಗುತ್ತದೆ. ತುದಿಯಲ್ಲಿ ಜಾಗವೂ ಜಾಸ್ತಿ. ಒಂಟಿ ಎಲೆಕ್ಟ್ರಾನ್ ನಡುವಿನ ಕಾರ್ಬನ್ನಿನ ಮೇಲೆ ಉಳಿಯುತ್ತದೆ, ಯಾಕೆಂದರೆ ಅಲ್ಲಿ ಅದಕ್ಕೂ ಎರಡು ಕಡೆಯಿಂದ ನೆರವಿದೆ. ಆಮೇಲೆ ಇನ್ನೊಂದು ಹೈಡ್ರೋಜನ್ ಬ್ರೋಮೈಡಿನಿಂದ ಹೈಡ್ರೋಜನ್ ಬಂದು ಅಲ್ಲಿ ಕೂರುತ್ತದೆ.

ಉತ್ತರ ಉಲ್ಟಾ ಆಯಿತು, ಕಾರಣ ಮಾತ್ರ ಒಂದೇ. ಎರಡರಲ್ಲೂ ಮೊದಲು ಬಂದದ್ದು ತುದಿಗೆ ಹೋಗಿದೆ, ಕೊರತೆಯನ್ನು ನಡುವಿನ ಕಾರ್ಬನ್ ಹೊತ್ತಿದೆ. ಈ ಒಂದು ಗಂಟೆಯ ಪಾಠದಲ್ಲಿ ವಿದ್ಯಾರ್ಥಿಗೆ ಎರಡು ನಿಯಮ ಉಳಿತಾಯವಾಗುವುದಷ್ಟೇ ಅಲ್ಲ. ಮುಂದೆ ನಾಲ್ಕು ಕಾರ್ಬನ್ ಇರಲಿ, ಬೆಂಜೀನ್ ಉಂಗುರ ಪಕ್ಕದಲ್ಲಿರಲಿ, ತಾನೇ ಯೋಚಿಸಿ ಹೇಳಬಹುದು ಎನ್ನುವ ಧೈರ್ಯ ಬರುತ್ತದೆ. ಆ ಧೈರ್ಯ ಕೊಟ್ಟವರನ್ನು ವಿದ್ಯಾರ್ಥಿಗಳು ಮರೆಯುವುದಿಲ್ಲ. ಪಾಠದ ಮಧ್ಯೆ ಜೋಕ್ ಹೇಳುವುದು, ಚೆನ್ನಾಗಿ ನಗುವುದು ಎಲ್ಲಾ ಇದರ ಮುಂದೆ ಚಿಕ್ಕ ವಿಷಯ.

ಇಂಥ ಪಾಠಕ್ಕೆ ಬೇಕಾದ ಮುಖ್ಯ ಸಾಧನ ಬಾಗಿದ ಬಾಣದ ಗುರುತು. ಎಲೆಕ್ಟ್ರಾನ್ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಎಂದು ತೋರಿಸುವ ಈ ಬಾಣಗಳನ್ನು 1922ರಲ್ಲಿ ವಿಲಿಯಂ ಕರ್ಮಾಕ್ ಮತ್ತು ರಾಬರ್ಟ್ ರಾಬಿನ್ಸನ್ ಬಳಕೆಗೆ ತಂದರು. ನೂರು ವರ್ಷ ಕಳೆದರೂ ಜಗತ್ತಿನ ಎಲ್ಲಾ ಆರ್ಗಾನಿಕ್ ಕ್ಲಾಸುಗಳಲ್ಲಿ ಇದೇ ನಡೆಯುತ್ತಿದೆ. ಹೊಸಬರು ಮಾಡುವ ಸಾಮಾನ್ಯ ತಪ್ಪು ಎಂದರೆ ಪ್ರೋಟಾನ್ನಿಂದ ಡಬಲ್ ಬಾಂಡಿನ ಕಡೆಗೆ ಬಾಣ ಎಳೆಯುವುದು. ಪ್ರೋಟಾನ್ ಬಂದು ಸೇರಿತಲ್ಲ, ಅದಕ್ಕೆ ಬಾಣವೂ ಅಲ್ಲಿಂದಲೇ ಎಂದು ಅವರ ಲೆಕ್ಕ. ಆದರೆ ಪ್ರೋಟಾನ್ ಹತ್ತಿರ ಕೊಡಲು ಎಲೆಕ್ಟ್ರಾನೇ ಇಲ್ಲ. ಬಾಣ ಹೊರಡಬೇಕಾದ್ದು ಡಬಲ್ ಬಾಂಡಿನಿಂದ.

ಈ ತಪ್ಪು ಕಂಡಾಗ ಏನು ಮಾಡುತ್ತಾರೆ ಎನ್ನುವುದರಲ್ಲಿ ಪ್ರೊಫೆಸರ್ ಎಂಥವರು ಅಂತ ತಿಳಿದುಬಿಡುತ್ತದೆ. ಕೆಂಪು ಗೀಟು ಎಳೆದು ಸೊನ್ನೆ ಹಾಕುವವರಿದ್ದಾರೆ. “ಇಷ್ಟೂ ಗೊತ್ತಿಲ್ವಾ?” ಎಂದು ಎಲ್ಲರ ಮುಂದೆ ಕೇಳುವವರೂ ಇದ್ದಾರೆ. ಅದಾದ ಮೇಲೆ ಆ ಬೆಂಚಿನಿಂದ ವರ್ಷವಿಡೀ ಇನ್ನೊಂದು ಡೌಟ್ ಬರುವುದಿಲ್ಲ. ಮತ್ತೆ ಕೆಲವರು, “ಇಲ್ಲಿ ಎಲೆಕ್ಟ್ರಾನ್ ಯಾರ ಹತ್ತಿರ ಇದೆ ಹೇಳು” ಎಂದು ಕೇಳಿ ಸುಮ್ಮನೆ ಕಾಯುತ್ತಾರೆ. ಹುಡುಗಿ ತಾನೇ ಬಾಣ ಅಳಿಸಿ ತಿರುಗಿಸಿ ಎಳೆಯುತ್ತಾಳೆ. ತಪ್ಪು ಎಳೆದದ್ದು ನಾಚಿಕೆಯ ವಿಷಯವಲ್ಲ ಎಂದು ಇಡೀ ಕ್ಲಾಸಿಗೆ ಆಗ ತಿಳಿಯುತ್ತದೆ.

ಬೋರ್ಡಿನ ಮಾತನ್ನೂ ಹೇಳಬೇಕು. ಹಾರ್ವರ್ಡ್‌ನ ರಾಬರ್ಟ್ ಬರ್ನ್ಸ್ ವುಡ್‌ವರ್ಡ್ 1965ರಲ್ಲಿ ನೊಬೆಲ್ ಪಡೆದವರು. ಅವರ ಉಪನ್ಯಾಸ ಎಂದರೆ ಬಣ್ಣದ ಚಾಕ್‌ಗಳಲ್ಲಿ ಬೋರ್ಡಿನ ಒಂದು ಮೂಲೆಯಿಂದ ಶುರುವಾಗಿ, ಅಚ್ಚುಕಟ್ಟಾದ ರಚನೆಗಳು ಒಂದೊಂದಾಗಿ ಮೂಡುತ್ತಾ ಹೋಗುವುದು. ಸ್ಲೈಡ್ ಇಲ್ಲ. ಮೂರು ನಾಲ್ಕು ಗಂಟೆ ಹಿಡಿದರೂ ಜನ ಕೂತು ಕೇಳುತ್ತಿದ್ದರು. ಅವರಿಗೆ ನೀಲಿ ಬಣ್ಣ ಎಷ್ಟು ಇಷ್ಟವೆಂದರೆ ಅವರು ಕಾರು ನಿಲ್ಲಿಸುವ ಜಾಗಕ್ಕೇ ವಿದ್ಯಾರ್ಥಿಗಳು ಪ್ರೀತಿಯಿಂದ ನೀಲಿ ಬಳಿದಿದ್ದರು. ಆದರೆ ಗಮನಿಸಿ, ಅವರ ಮುಂದೆ ಕೂತವರಲ್ಲಿ ಬಹಳ ಜನ ಸಂಶೋಧನೆಯನ್ನೇ ಬದುಕಾಗಿ ಆರಿಸಿಕೊಂಡವರು. ಅದೇ ನಾಲ್ಕು ಗಂಟೆಯ ಉಪನ್ಯಾಸವನ್ನು ಬಿ.ಎಸ್‌ಸಿ. ಮೊದಲ ವರ್ಷದವರ ಮುಂದೆ ಇಟ್ಟರೆ ಪ್ರೀತಿ ಉಳಿಯುವುದು ಕಷ್ಟ. ಯಾರಿಗೆ ಕಲಿಸುತ್ತಿದ್ದೇವೆ ಎಂಬ ಅರಿವು ಇಲ್ಲದೆ ಜನಪ್ರಿಯತೆ ಇಲ್ಲ.

ಆದರೂ ವುಡ್‌ವರ್ಡ್ ಅವರಿಂದ ಎಲ್ಲರೂ ಕಲಿಯಬಹುದಾದ ಒಂದು ಸಂಗತಿ ಇದೆ. ಕೈಯಲ್ಲಿ ಬರೆಯುವಾಗ ಮೇಷ್ಟ್ರ ವೇಗವೂ ನೋಟ್ಸ್ ಬರೆದುಕೊಳ್ಳುವವರ ವೇಗವೂ ಹೊಂದಿಕೊಳ್ಳುತ್ತವೆ. ಯಾವ ಬಾಂಡ್ ಮೊದಲು, ಯಾವ ಬಾಣ ಆಮೇಲೆ ಎಂಬ ಕ್ರಮ ಕಣ್ಣೆದುರೇ ನಡೆಯುತ್ತದೆ. ಎಲ್ಲಾ ಬಾಣ ಮೊದಲೇ ಹಾಕಿಟ್ಟ ಸ್ಲೈಡ್ ತೋರಿಸಿದರೆ ಆ ಕ್ರಮ ಸತ್ತುಹೋಗುತ್ತದೆ. ಪೋರ್ಷನ್ ಮುಗಿಸುವ ಅವಸರದಲ್ಲಿ ಸ್ಲೈಡ್ ಓಡಿಸುವವರ ಮೇಲೆ ವಿದ್ಯಾರ್ಥಿಗಳಿಗೆ ಇರುವ ಬೇಸರಕ್ಕೆ ಇದೇ ಕಾರಣ.

ಇನ್ನೊಂದು ಕಷ್ಟ ಮೂರು ಆಯಾಮದ್ದು. ಬೋರ್ಡ್ ಚಪ್ಪಟೆ, ಅಣು ಚಪ್ಪಟೆಯಲ್ಲ. ಅಣುಗಳನ್ನು ಕೈಗೆ ಸಿಗುವ ಹಾಗೆ ಮಾಡಿ ತೋರಿಸಿದವರಲ್ಲಿ ಆಗಸ್ಟ್ ವಿಲ್ಹೆಲ್ಮ್ ಹಾಫ್‌ಮನ್ ದೊಡ್ಡ ಹೆಸರು. ಜರ್ಮನಿಯಿಂದ ಬಂದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿಯನ್ನು 1845ರಿಂದ ನಡೆಸಿದವರು. ಅವರ ಶಿಷ್ಯ ವಿಲಿಯಂ ಪರ್ಕಿನ್ 18ನೇ ವಯಸ್ಸಿನಲ್ಲೇ, 1856ರಲ್ಲಿ, ಕೃತಕ ನೇರಳೆ ಬಣ್ಣ ಕಂಡುಹಿಡಿದ. 1865ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನ ಉಪನ್ಯಾಸದಲ್ಲಿ ಹಾಫ್‌ಮನ್ ಕ್ರೋಕೆ ಆಟದ ಮರದ ಚೆಂಡುಗಳಿಗೆ ಬಣ್ಣ ಹಚ್ಚಿ, ಕಡ್ಡಿ ಚುಚ್ಚಿ ಅಣುಗಳನ್ನು ಕಟ್ಟಿದರು. ಕಾರ್ಬನ್ ಕಪ್ಪು, ಹೈಡ್ರೋಜನ್ ಬಿಳಿ, ಆಕ್ಸಿಜನ್ ಕೆಂಪು, ನೈಟ್ರೋಜನ್ ನೀಲಿ, ಕ್ಲೋರಿನ್ ಹಸಿರು. ಇಂದು ಲ್ಯಾಬಿನ ಕಪಾಟಿನಲ್ಲಿರುವ ಮಾಡೆಲ್ ಕಿಟ್ ತೆಗೆದು ನೋಡಿ, ಅದೇ ಬಣ್ಣಗಳು. ಅವರ ಮಾಡೆಲ್‌ಗಳು ಮಾತ್ರ ಇನ್ನೂ ಚಪ್ಪಟೆಯಾಗಿದ್ದವು. ಕಾರ್ಬನ್ನಿನ ನಾಲ್ಕು ಬಾಂಡ್‌ಗಳು ತ್ರಿಕೋನ ಮುಖಗಳ ಪಿರಮಿಡ್ಡಿನ ನಾಲ್ಕು ಮೂಲೆಗೆ ಚಾಚಿರುತ್ತವೆ ಎಂದು ವಾಂಟ್ ಹಾಫ್ ಮತ್ತು ಲೆ ಬೆಲ್ ಹೇಳಿದ್ದು 1874ರಲ್ಲಿ. ಆಗ ವಾಂಟ್ ಹಾಫ್ ಸಹ ಕಾಗದದಲ್ಲಿ ಪುಟ್ಟ ಮಾಡೆಲ್‌ಗಳನ್ನು ಮಡಚಿ ಇತರ ವಿಜ್ಞಾನಿಗಳಿಗೆ ಕಳಿಸಿದ್ದರು. ದೊಡ್ಡ ವಿಜ್ಞಾನಿಗಳಿಗೇ ಕೈಯಲ್ಲಿ ಹಿಡಿದು ನೋಡುವುದು ಬೇಕಿತ್ತು ಎಂದ ಮೇಲೆ ಹದಿನೇಳರ ಹುಡುಗನಿಗೆ ಬೇಡವೇ?

ಕಾರ್ಬನ್ನಿಗೆ ಅಂಟಿದ ಒಂದು ಗುಂಪಿನ ಜಾಗಕ್ಕೆ ಇನ್ನೊಂದು ಬರುವ ಎಸ್‌ಎನ್2 ರಿಯಾಕ್ಷನ್ನನ್ನೇ ತೆಗೆದುಕೊಳ್ಳಿ. ಹಿಂದಿನಿಂದ ಒಬ್ಬರು ಬಂದು ಸೇರುತ್ತಾರೆ, ಮುಂದಿನಿಂದ ಒಬ್ಬರು ಬಿಟ್ಟುಹೋಗುತ್ತಾರೆ, ಉಳಿದ ಮೂರು ಬಾಂಡ್‌ಗಳು ಗಾಳಿಗೆ ಛತ್ರಿ ಮಗುಚಿಕೊಂಡ ಹಾಗೆ ಆಚೆ ಬದಿಗೆ ತಿರುಗುತ್ತವೆ. ಬಾಯಲ್ಲಿ ಹೇಳಿದರೆ ಅರ್ಧ ತಿಳಿಯುತ್ತದೆ. ಮಾಡೆಲ್ ಕೈಗೆ ಕೊಟ್ಟು ಮಾಡಿಸಿದರೆ ಮರೆಯುವುದಿಲ್ಲ. ಕಿಟ್ ಬೀರುವಿನಲ್ಲಿ ಬೀಗ ಹಾಕಿಡದೆ ಕ್ಲಾಸಿಗೆ ತರುವವರು ಅದಕ್ಕೇ ಇಷ್ಟವಾಗುತ್ತಾರೆ.

ಇಷ್ಟು ಹೇಳಿದ ಮೇಲೆ ಒಂದು ತೊಡಕಿನ ಪ್ರಶ್ನೆ ಎದುರಿಸಲೇಬೇಕು. ಇಷ್ಟವಾಗುವ ಮೇಷ್ಟ್ರೆಲ್ಲ ಚೆನ್ನಾಗಿ ಕಲಿಸುವವರೇ? ಅಲ್ಲ. ಇದರ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ.

1970ರಲ್ಲಿ ಅಮೆರಿಕದಲ್ಲಿ ಮೈಕೆಲ್ ಫಾಕ್ಸ್ ಎಂಬ ನಟನನ್ನು ಡಾಕ್ಟರ್ ಫಾಕ್ಸ್ ಎಂದು ಪರಿಚಯಿಸಿ, ಹುರುಳಿಲ್ಲದ ಉಪನ್ಯಾಸವನ್ನು ಬಹಳ ಉತ್ಸಾಹದಿಂದ ಮಾಡಿಸಿದರು. ಕೇಳಿದವರು ಮೆಚ್ಚಿ ಒಳ್ಳೆಯ ಅಂಕ ಕೊಟ್ಟರು. 1993ರಲ್ಲಿ ಭಾರತ ಮೂಲದ ಮನಶ್ಶಾಸ್ತ್ರಜ್ಞೆ ನಳಿನಿ ಅಂಬಾಡಿ ಮತ್ತು ರಾಬರ್ಟ್ ರೋಸೆಂಥಾಲ್ ಪಾಠದ 30 ಸೆಕೆಂಡಿನ ಮೂಕ ವಿಡಿಯೊ ತುಣುಕುಗಳನ್ನು ಅಪರಿಚಿತರಿಗೆ ತೋರಿಸಿದರು. ಅವರು ಕೊಟ್ಟ ಅಂಕಕ್ಕೂ ಸೆಮಿಸ್ಟರ್ ಪೂರ್ತಿ ಕೂತ ವಿದ್ಯಾರ್ಥಿಗಳು ಕೊಟ್ಟ ಅಂಕಕ್ಕೂ ಗಟ್ಟಿಯಾದ ಹೊಂದಿಕೆ ಇತ್ತು. ಅಂದರೆ ನಿಲುವು, ನೋಟ, ಕೈ ಆಡಿಸುವ ರೀತಿ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಕೆಲಸ ಮಾಡುತ್ತವೆ.

ಇದಕ್ಕಿಂತ ಯೋಚನೆಗೆ ಹಚ್ಚುವುದು ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಅವರು 2010ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಏರ್ ಫೋರ್ಸ್ ಅಕಾಡೆಮಿಯಲ್ಲಿ ಯಾವ ವಿದ್ಯಾರ್ಥಿಗೆ ಯಾವ ಪ್ರೊಫೆಸರ್ ಎಂಬುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ. ಹಾಗಾಗಿ ಹೋಲಿಕೆಗೆ ಅದು ಒಳ್ಳೆಯ ಜಾಗ. ಅನುಭವ ಕಡಿಮೆ ಇರುವವರ ಕ್ಲಾಸಿನಲ್ಲಿ ವಿದ್ಯಾರ್ಥಿಗಳು ಆ ಕೋರ್ಸಿನಲ್ಲಿ ಚೆನ್ನಾಗಿ ಅಂಕ ತೆಗೆದರು, ಪ್ರೊಫೆಸರಿಗೂ ಒಳ್ಳೆಯ ಮೆಚ್ಚುಗೆ ಕೊಟ್ಟರು. ಆದರೆ ಮುಂದಿನ ಕೋರ್ಸಿಗೆ ಹೋದಾಗ ಹಿಂದೆ ಬಿದ್ದರು. ಹಳಬರ ಹತ್ತಿರ ಕಲಿತವರು ಮುಂದೆ ಚೆನ್ನಾಗಿ ಮಾಡಿದರು. ಗಣಿತದ ಕೋರ್ಸುಗಳಲ್ಲಿ ಕಂಡದ್ದು ಇದು. ಆರ್ಗಾನಿಕ್ ಸಹ ಒಂದರ ಮೇಲೊಂದು ಕಟ್ಟುವ ವಿಷಯವಾದ್ದರಿಂದ ಇಲ್ಲಿಯೂ ನೆನಪಿಡಬೇಕಾದ ಮಾತು.

2019ರಲ್ಲಿ ಹಾರ್ವರ್ಡ್‌ನ ಫಿಸಿಕ್ಸ್ ಕ್ಲಾಸುಗಳಲ್ಲಿ ಇನ್ನೊಂದು ಕಂಡುಬಂತು. ಗುಂಪಿನಲ್ಲಿ ತಾವೇ ಪ್ರಾಬ್ಲಂ ಬಿಡಿಸಿದವರು ಪರೀಕ್ಷೆಯಲ್ಲಿ ಜಾಸ್ತಿ ಕಲಿತಿದ್ದು ತಿಳಿಯಿತು. ಆದರೆ ನಿಮಗೆ ಎಷ್ಟು ಕಲಿತ ಹಾಗೆ ಅನಿಸಿತು ಎಂದು ಕೇಳಿದರೆ, ಸೊಗಸಾದ ಉಪನ್ಯಾಸ ಕೇಳಿದವರೇ ಜಾಸ್ತಿ ಎಂದರು. ತಲೆ ಕೆಡಿಸಿಕೊಂಡಾಗ ಕಲಿಯುತ್ತಿಲ್ಲ ಎಂದೇ ಅನಿಸುತ್ತದೆ, ಅಲ್ವಾ? ಆದರೆ ಅದೇ ತಂಡ ಪರಿಹಾರವನ್ನೂ ತೋರಿಸಿತು. ಸೆಮಿಸ್ಟರಿನ ಶುರುವಿನಲ್ಲೇ ಈ ಸಂಗತಿಯನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಿದಾಗ ಅವರ ಮನಸ್ಸು ಬದಲಾಯಿತು. ಕಷ್ಟ ಯಾಕೆ ಪಡಬೇಕು ಎಂದು ತಿಳಿದ ಮೇಲೆ ಕಷ್ಟವನ್ನು ಒಪ್ಪಿಕೊಂಡರು.

ನ್ಯೂಯಾರ್ಕಿನ ಪ್ರಕರಣವನ್ನು ನಾನು ಈ ಬೆಳಕಿನಲ್ಲೇ ನೋಡುತ್ತೇನೆ. ಜೋನ್ಸ್ ಅವರ ಪದ್ಧತಿ ಹಳೆಯದಾಗಿರಲಿಲ್ಲ. ಪ್ರಾಬ್ಲಂ ಬಿಡಿಸಿ ಕಲಿಯಿರಿ ಎಂಬುದು ಸರಿಯಾದ ದಾರಿಯೇ. ಕೊರೋನಾ ಕಾಲದಲ್ಲಿ ಅವರು ತಮ್ಮ ಕೈಯಿಂದ ದುಡ್ಡು ಹಾಕಿ, ಇನ್ನಿಬ್ಬರು ಪ್ರೊಫೆಸರ್‌ಗಳ ಜೊತೆ ಸೇರಿ ಉಪನ್ಯಾಸಗಳನ್ನು ರೆಕಾರ್ಡ್ ಮಾಡಿಸಿದರು. ಕಾಳಜಿ ಇಲ್ಲದವರು ಅಷ್ಟು ಮಾಡುವುದಿಲ್ಲ. ಇನ್ನೊಂದು ಕಡೆ, ಎರಡು ವರ್ಷ ಮನೆಯಲ್ಲಿ ಸ್ಕ್ರೀನ್ ಮುಂದೆ ಕೂತು ಬಂದ ವಿದ್ಯಾರ್ಥಿಗಳಿಗೆ ಓದುವ ಅಭ್ಯಾಸವೇ ತಪ್ಪಿಹೋಗಿತ್ತು. ಮಧ್ಯದ ಪರೀಕ್ಷೆಗಳು ಮೂರರಿಂದ ಎರಡಕ್ಕೆ ಇಳಿದವು, ಪ್ರೊಫೆಸರ್ ಮಾತಿನ ಧಾಟಿಯಲ್ಲಿ ತಾತ್ಸಾರ ಕಾಣುತ್ತದೆ ಎಂದು ವಿದ್ಯಾರ್ಥಿಗಳು ದೂರಿದ್ದರು. ಪರೀಕ್ಷೆಗಳ ಸಂಖ್ಯೆ ಚಿಕ್ಕ ವಿಷಯವಲ್ಲ. ಪರೀಕ್ಷೆ ಕಡಿಮೆಯಾದಷ್ಟೂ ಒಂದು ಸಲ ಎಡವಿದವರಿಗೆ ಎದ್ದು ನಿಲ್ಲುವ ಅವಕಾಶವೂ ಕಡಿಮೆ.

ಹಾಗಾಗಿ ಅಂಕ ಕೊಡುವ ರೀತಿಯಲ್ಲೇ ಬಹಳಷ್ಟು ನಿರ್ಧಾರವಾಗುತ್ತದೆ. ಅಂಕ ಧಾರಾಳವಾಗಿ ಸುರಿಯಬೇಕಿಲ್ಲ. ಎಂಟು ಅಂಕದ ಮೆಕ್ಯಾನಿಸಂನಲ್ಲಿ (ರಿಯಾಕ್ಷನ್ ಹೇಗೆ ನಡೆಯಿತು ಎಂದು ಹೆಜ್ಜೆ ಹೆಜ್ಜೆಯಾಗಿ ತೋರಿಸುವುದು) ಮೂರು ಹೆಜ್ಜೆ ಸರಿ ಇದ್ದು ಕೊನೆಯ ಹೆಜ್ಜೆ ತಪ್ಪಿದರೆ, ಆ ಮೂರು ಹೆಜ್ಜೆಗೆ ಬೆಲೆ ಸಿಗಬೇಕು. ಪೇಪರ್ ವಾಪಸ್ ಕೊಡುವಾಗ ಎಲ್ಲಿ ದಾರಿ ತಪ್ಪಿತು ಎಂದು ಒಂದು ಸಾಲಾದರೂ ಬರೆದಿರಬೇಕು. ಟೆಸ್ಟ್ ಆದ ವಾರದೊಳಗೆ ಪೇಪರ್ ಕೈಗೆ ಬರಬೇಕು, ತಿಂಗಳಾದ ಮೇಲೆ ಬಂದರೆ ಯಾರಿಗೂ ಏನೂ ನೆನಪಿರುವುದಿಲ್ಲ. ಕ್ಲಾಸಿನಲ್ಲಿ ಮಾಡಿದ ಪ್ರಾಬ್ಲಂಗಳ ಮಟ್ಟವೂ ಪರೀಕ್ಷೆಯ ಮಟ್ಟವೂ ಒಂದೇ ಇರಬೇಕು. ಕ್ಲಾಸಿನಲ್ಲಿ ಸುಲಭದ್ದು ಮಾಡಿಸಿ ಪರೀಕ್ಷೆಯಲ್ಲಿ ಬೆಟ್ಟ ಹತ್ತಿಸಿದರೆ ವಿದ್ಯಾರ್ಥಿಗಳಿಗೆ ಮೋಸ ಹೋದ ಹಾಗೆ ಅನಿಸುವುದು ಸಹಜ.

ನಮ್ಮ ಕಾಲೇಜುಗಳಲ್ಲಿ ಇದಕ್ಕೆ ಭಾಷೆಯ ಮಾತೂ ಸೇರುತ್ತದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು ಪಿಯುಸಿ ಸೈನ್ಸಿಗೆ ಬಂದಾಗ ವಿಷಯ, ಇಂಗ್ಲಿಷ್ ಎರಡೂ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಅರ್ಥವಾಗದ್ದು ಕೆಮಿಸ್ಟ್ರಿಯೋ ಇಂಗ್ಲಿಷೋ ಎಂದು ಅವರಿಗೇ ತಿಳಿಯುವುದಿಲ್ಲ. ಇಡೀ ಪೀರಿಯಡ್ ನೋಟ್ಸ್ ಡಿಕ್ಟೇಟ್ ಮಾಡುವ ಲೆಕ್ಚರರ್ ಮುಂದೆ ಅವರು ಅಕ್ಷರ ಬರೆದುಕೊಳ್ಳುವುದರಲ್ಲೇ ಸುಸ್ತಾಗುತ್ತಾರೆ. ಮೊದಲು ಕನ್ನಡದಲ್ಲಿ “ನೋಡ್ರಪ್ಪಾ, ಈ ಕಾರ್ಬನ್ನಿಗೆ ಎಲೆಕ್ಟ್ರಾನ್ ಕಮ್ಮಿ ಆಗಿದೆ, ಅದಕ್ಕೆ ಪಕ್ಕದವರು ಸ್ವಲ್ಪ ಕೊಡ್ತಾರೆ” ಎಂದು ಹೇಳಿ, ಬಾಣ ಎಳೆಸಿ, ಆಮೇಲೆ ಅದನ್ನೇ ಪರೀಕ್ಷೆಗೆ ಬೇಕಾದ ಎರಡು ಇಂಗ್ಲಿಷ್ ವಾಕ್ಯಗಳಲ್ಲಿ ಬರೆಸುವ ಸರ್, ಮೇಡಂಗಳು ನಮ್ಮ ಪಿಯು ಕಾಲೇಜುಗಳಲ್ಲಿ ಇದ್ದಾರೆ. ಬಾಣದ ಗುರುತಿಗೆ ಭಾಷೆಯ ಹಂಗಿಲ್ಲ. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿ ಮೊದಲ ಟೆಸ್ಟಿನಲ್ಲಿ ವಾಕ್ಯ ತಪ್ಪು ಬರೆದಿದ್ದರೂ ಬಾಣ ಸರಿ ಎಳೆದಿದ್ದರೆ, ಕೆಮಿಸ್ಟ್ರಿ ಅವಳಿಗೆ ಬಂದಿದೆ ಎಂದೇ ಲೆಕ್ಕ. ಅದನ್ನು ಗುರುತಿಸಿ ಅಂಕ ಕೊಟ್ಟು, ಇಂಗ್ಲಿಷ್ ನಿಧಾನಕ್ಕೆ ಸರಿಹೋಗುತ್ತದೆ ಎಂದು ಹೇಳುವವರ ಕ್ಲಾಸಿಗೆ ಅವಳು ಬೆಳಗಿನ ಮೊದಲ ಪೀರಿಯಡ್ ಆದರೂ ತಪ್ಪಿಸುವುದಿಲ್ಲ.